ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ: ಅಮೆರಿಕದ ಆ 538 ಜನ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದ ಅಧ್ಯಕ್ಷರ ಚುನಾವಣೆ ಬಗ್ಗೆ. ಆಶ್ಚರ್ಯವೇನಿಲ್ಲ. ಮಾಟುಂಗಾದಿಂದ ಡೊಂಬಿವಲಿವರೆಗೆ ಯಾವ ಕನ್ನಡದ ಮನೆಗೆ ಹೋದರೂ ಒಬ್ಬ ಮಗನೋ ಸೊಸೆಯೋ ಅಲ್ಲಿರುತ್ತಾರೆ. ಹಾಗಾಗಿ ಪಿಂಚಣಿ, ಸೊಸೈಟಿ ಜಗಳ, ಮಾವಿನ ಗಿಡದ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟಿದ್ದೇನೆ. ನಾನು ರಾತ್ರಿ ಶಾಲೆಯಲ್ಲಿ ಪೌರನೀತಿ ಕಲಿಸಿದ ಮೇಷ್ಟ್ರು. ಹೋಟೆಲಿನಲ್ಲಿ ದಿನವಿಡೀ ದುಡಿದು ಬಂದ ಹುಡುಗರು ಬೆಂಚಿನ ಮೇಲೆ ತೂಕಡಿಸದ ಹಾಗೆ ಪಾಠ ಮಾಡಬೇಕಿತ್ತು. ಇಲ್ಲೂ ಹಾಗೇ ಹೇಳಲು ನೋಡುತ್ತೇನೆ.

ಪ್ರ: ನನ್ನ ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿನ ಪೌರತ್ವ ಸಿಕ್ಕಿದೆ, ವೋಟೂ ಹಾಕಿದ್ದಾಳೆ. ಆದರೆ 'ನಾನು ಹಾಕಿದ್ದು ಅಧ್ಯಕ್ಷರಿಗಲ್ಲ, ಬೇರೆ 14 ಜನರಿಗೆ' ಅನ್ನುತ್ತಾಳೆ. ಅವರ ಹೆಸರು ಕೇಳಿದರೆ ಗೊತ್ತಿಲ್ಲ ಅಂತಾಳೆ. ಇದೇನು ತಮಾಷೆ? (ಮುಲುಂಡಿನ ಓದುಗರು)

ಉ: ತಮಾಷೆ ಅಲ್ಲ, ಮಗಳು ಹೇಳಿದ್ದು ನಿಜ. ಆ 14 ಜನರಿಗೆ ಎಲೆಕ್ಟರ್‌ಗಳು ಅನ್ನುತ್ತಾರೆ. ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ನ್ಯೂಜೆರ್ಸಿಗೆ 12 ಸದಸ್ಯರು, ಮೇಲ್ಮನೆಯಾದ ಸೆನೆಟ್‌ನಲ್ಲಿ 2. ಕೂಡಿಸಿದರೆ 14. ಐವತ್ತೂ ರಾಜ್ಯಗಳಿಗೆ ಇದೇ ಲೆಕ್ಕ. ರಾಜಧಾನಿ ವಾಷಿಂಗ್ಟನ್ ಡಿ.ಸಿ. ರಾಜ್ಯವಲ್ಲ, ಆದರೂ 1961ರ 23ನೇ ತಿದ್ದುಪಡಿಯಿಂದ ಅದಕ್ಕೂ 3 ಸಿಕ್ಕಿತು. ಒಟ್ಟು 538. ಗೆಲ್ಲಲು 270 ಬೇಕು.

ಮತಪತ್ರದಲ್ಲಿ ಮಗಳು ನೋಡಿದ್ದು ಅಧ್ಯಕ್ಷ, ಉಪಾಧ್ಯಕ್ಷ ಅಭ್ಯರ್ಥಿಗಳ ಹೆಸರು. ಹೆಚ್ಚಿನ ರಾಜ್ಯಗಳಲ್ಲಿ ಎಲೆಕ್ಟರ್‌ಗಳ ಹೆಸರನ್ನು ಅಚ್ಚು ಹಾಕುವುದೇ ಇಲ್ಲ. ನಮ್ಮ ಸಂಘಗಳ ಚುನಾವಣೆಯಲ್ಲಿ ಪ್ಯಾನೆಲ್ ಇರುತ್ತದಲ್ಲ, ಮುಂದೆ ಒಬ್ಬರು ದೊಡ್ಡ ಹೆಸರಿನವರು, ಹಿಂದೆ ಯಾರೂ ವಿಚಾರಿಸದ ಹತ್ತು ಹನ್ನೆರಡು ಜನ. ಮುಂದಿನವರ ಮುಖ ನೋಡಿ ಇಡೀ ಪ್ಯಾನೆಲ್‌ಗೆ ಗುರುತು ಹಾಕಿ ಬರುತ್ತೇವೆ. ಇದೂ ಅದೇ ಥರ. ಒಂದು ವೋಟು ಜಾಸ್ತಿ ಬಂದರೂ ಸಾಕು, ಇಡೀ ಪ್ಯಾನೆಲ್ ಗೆಲ್ಲುತ್ತದೆ.

ಆದರೆ 'ಅಮೆರಿಕದಲ್ಲಿ ಹೀಗೆ' ಅಂತ ಬಾಯಿಬಿಟ್ಟ ಕೂಡಲೇ ಯಾರಾದರೂ ಒಬ್ಬರು 'ನಮ್ಮ ರಾಜ್ಯದಲ್ಲಿ ಹಾಗಲ್ಲ' ಅನ್ನುತ್ತಾರೆ. ಯಾಕೆಂದರೆ ಅವರ ಸಂವಿಧಾನದ ಎರಡನೇ ವಿಧಿ ಈ ವಿಷಯದಲ್ಲಿ ಹೇಳುವುದು ಬಹಳ ಕಡಿಮೆ. ಪ್ರತಿ ರಾಜ್ಯವೂ ತನ್ನ ಶಾಸನಸಭೆ ಹೇಳಿದ ರೀತಿಯಲ್ಲಿ ಇಷ್ಟು ಎಲೆಕ್ಟರ್‌ಗಳನ್ನು ನೇಮಿಸಬೇಕು, ಅಷ್ಟೇ. ಜನ ಆರಿಸಬೇಕೋ ಶಾಸಕರು ಆರಿಸಬೇಕೋ, ಆರಿಸಿ ಬಂದವರು ಮಾತು ತಪ್ಪಿದರೆ ಏನು ಮಾಡಬೇಕೋ, ಎಲ್ಲ ರಾಜ್ಯಕ್ಕೆ ಬಿಟ್ಟದ್ದು. ನಮ್ಮಲ್ಲಿ ಚುನಾವಣಾ ಆಯೋಗ ಒಂದೇ, ನಿಯಮವೂ ಒಂದೇ. ಅಲ್ಲಿ 50 ರಾಜ್ಯಗಳ 50 ಕಾನೂನು, ಡಿ.ಸಿ.ಯದ್ದು ಬೇರೆ. ಹಾಗಾಗಿ ಇನ್ನು ಮುಂದೆ ಪ್ರಶ್ನೆ ಕೇಳುವಾಗ ಯಾವ ರಾಜ್ಯ ಅಂತ ಬರೆಯಿರಿ ದಯವಿಟ್ಟು!

ಪ್ರ: ಈ ಎಲೆಕ್ಟರ್ ಆಗುವುದು ಹೇಗೆ? ಅರ್ಜಿ ಹಾಕಬೇಕಾ, ದೊಡ್ಡವರ ಪರಿಚಯ ಬೇಕಾ? ನನ್ನ ತಮ್ಮ ಈಗ ಅಲ್ಲಿನ ಪ್ರಜೆ. ಅವನು ಆಗಬಹುದಾ? (ವಾಸ್ಕೋ, ಗೋವಾ)

ಉ: ಆಗಬಹುದು. ಅಧ್ಯಕ್ಷನಾಗಲು ಹುಟ್ಟಿನಿಂದಲೇ ಅಲ್ಲಿನ ಪ್ರಜೆಯಾಗಿರಬೇಕು. ಎಲೆಕ್ಟರ್ ಆಗಲು ಸಂವಿಧಾನ ಆ ಷರತ್ತು ಹಾಕಿಲ್ಲ. ಅರ್ಜಿ ಫಾರಂ ಇಲ್ಲ. ಪರಿಚಯ ಬೇಕು, ಪಕ್ಷದ ಕೆಲಸವನ್ನೂ ಮಾಡಿರಬೇಕು.

ಹೆಸರು ಸೂಚಿಸುವ ಬಗೆ ರಾಜ್ಯಕ್ಕೊಂದು. ಪೆನ್ಸಿಲ್ವೇನಿಯಾದಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯೇ ತನ್ನ ಎಲೆಕ್ಟರ್‌ಗಳನ್ನು ಹೆಸರಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಪಕ್ಷಕ್ಕೊಂದು ದಾರಿ ಮಾಡಿಕೊಟ್ಟಿದೆ. ಡೆಮಾಕ್ರಟಿಕ್ ಪಕ್ಷವಾದರೆ ಸಂಸತ್ತಿಗೆ ನಿಂತ ಆ ಪಕ್ಷದ ಪ್ರತಿ ಅಭ್ಯರ್ಥಿಯೂ ಒಬ್ಬೊಬ್ಬರನ್ನು ಸೂಚಿಸುತ್ತಾರೆ. ರಿಪಬ್ಲಿಕನ್ ಪಕ್ಷವಾದರೆ ಪಕ್ಷದೊಳಗಿನ ಹುದ್ದೆ ನೋಡಿ ಆಯ್ಕೆ. ಬೇರೆ ಅನೇಕ ರಾಜ್ಯಗಳಲ್ಲಿ ಪಕ್ಷದ ರಾಜ್ಯ ಸಮಾವೇಶ ಅಥವಾ ರಾಜ್ಯ ಸಮಿತಿ ಪಟ್ಟಿ ಮಾಡುತ್ತದೆ. ಹೆಚ್ಚಿನವರು ವರ್ಷಗಟ್ಟಲೆ ಬಾವುಟ ಹಿಡಿದವರು, ಸ್ಥಳೀಯ ಪುಢಾರಿಗಳು, ಸಭೆಗೆ ಕುರ್ಚಿ ಜೋಡಿಸಿದವರು. ಪಕ್ಷ ಕೊಡುವ ಶಾಲು ಸನ್ಮಾನ ಅಂತ ತಿಳಿದುಕೊಳ್ಳಿ.

ಸಂವಿಧಾನ ಒಂದು ಬಾಗಿಲು ಮಾತ್ರ ಗಟ್ಟಿಯಾಗಿ ಮುಚ್ಚಿದೆ. ಸಂಸತ್ ಸದಸ್ಯರು ಎಲೆಕ್ಟರ್ ಆಗುವಂತಿಲ್ಲ. ಕೇಂದ್ರ ಸರ್ಕಾರದ ಲಾಭದ ಹುದ್ದೆಯಲ್ಲಿ ಇರುವವರೂ ಆಗುವಂತಿಲ್ಲ. ನಿಮ್ಮ ತಮ್ಮ ಅಲ್ಲಿ ಕೇಂದ್ರ ಸರ್ಕಾರದ ಅಂಥ ಹುದ್ದೆಯಲ್ಲಿದ್ದರೆ ಈ ಆಸೆ ಬಿಡಲಿ.

ಈ ಸಣ್ಣ ನಿಯಮ ಒಂದು ಸಲ ದೇಶವನ್ನೇ ಅಲುಗಾಡಿಸಿತ್ತು. 1876ರ ಚುನಾವಣೆ. ಒರೆಗಾನ್ ರಾಜ್ಯದಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಹೇಯ್ಸ್ ಗೆದ್ದರು. ಅಲ್ಲಿನ ಮೂವರು ಎಲೆಕ್ಟರ್‌ಗಳಲ್ಲಿ ಜಾನ್ ವಾಟ್ಸ್ ಅನ್ನುವವರು ಸಣ್ಣ ಊರಿನ ಪೋಸ್ಟ್ ಮಾಸ್ಟರ್. ಅಂಚೆ ಇಲಾಖೆ ಕೇಂದ್ರದ್ದು, ಅಂದಮೇಲೆ ಅನರ್ಹ. ರಾಜ್ಯಪಾಲರು ಎದುರು ಪಕ್ಷದವರು. ವಾಟ್ಸ್ ಅನರ್ಹರಾದ್ದರಿಂದ ಮುಂದಿನ ಸ್ಥಾನದಲ್ಲಿದ್ದ ತಮ್ಮ ಪಕ್ಷದವರಿಗೆ ಅವರು ಪ್ರಮಾಣಪತ್ರ ಕೊಟ್ಟೇಬಿಟ್ಟರು. ಇತ್ತ ವಾಟ್ಸ್ ರಾಜೀನಾಮೆ ಕೊಟ್ಟರು, ಉಳಿದಿಬ್ಬರು ಖಾಲಿಯಾದ ಜಾಗಕ್ಕೆ ಮತ್ತೆ ಅವರನ್ನೇ ತುಂಬಿಕೊಂಡರು. ಒರೆಗಾನ್‌ನಿಂದ ಎರಡು ಬಗೆಯ ಕಾಗದ ವಾಷಿಂಗ್ಟನ್‌ಗೆ ಹೋಯಿತು. ದಕ್ಷಿಣದ ಮೂರು ರಾಜ್ಯಗಳಲ್ಲೂ ಇಂಥದೇ ಗೊಂದಲ. ಕೊನೆಗೆ 15 ಜನರ ಆಯೋಗ ಕೂತು, 8–7ರಲ್ಲಿ ಎಲ್ಲವನ್ನೂ ಹೇಯ್ಸ್ ಕಡೆಗೆ ತೀರ್ಮಾನ ಮಾಡಿತು. ಫಲಿತಾಂಶ 185–184. ಒಂದೇ ಒಂದು ಮತ! ಪೋಸ್ಟ್ ಮಾಸ್ಟರ್ ಮತ ಅತ್ತ ಹೋಗಿದ್ದರೆ ಅಧ್ಯಕ್ಷರೇ ಬೇರೆಯವರು.

ಪ್ರ: ಎಲೆಕ್ಟರ್ ತನ್ನ ಪಕ್ಷದ ಅಭ್ಯರ್ಥಿಗೆ ಮತ ಹಾಕದಿದ್ದರೆ ರಾಜ್ಯ ಶಿಕ್ಷೆ ಕೊಡಬಹುದಾ? ಹಾಗೆ ಸಂವಿಧಾನದಲ್ಲಿ ಎಲ್ಲೂ ಬರೆದಿಲ್ಲ ಅಂತ ನನ್ನ ರೂಮ್‌ಮೇಟ್ ವಾದ ಮಾಡುತ್ತಾನೆ. (ಕಾನೂನು ವಿದ್ಯಾರ್ಥಿ, ಪುಣೆ)

ಉ: ನಿಮ್ಮ ರೂಮ್‌ಮೇಟ್ ಸಂವಿಧಾನವನ್ನು ಸರಿಯಾಗಿಯೇ ಓದಿದ್ದಾನೆ. ಆದರೂ ವಾದದಲ್ಲಿ ಸೋಲುತ್ತಾನೆ. ಇದು ಸ್ವಲ್ಪ ಉದ್ದದ ಕಥೆ, ಚಹಾ ತಂದುಕೊಂಡು ಕೂತುಕೊಳ್ಳಿ.

ಶುರುವಿನಲ್ಲಿ ಸಂವಿಧಾನ ರೂಪಿಸಿದ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ರಂಥವರ ಲೆಕ್ಕಾಚಾರ ಬೇರೆ ಇತ್ತು. ಪ್ರತಿ ರಾಜ್ಯದಿಂದ ತಿಳಿದವರನ್ನು ಆರಿಸಿ, ಅವರು ಕೂತು ಯೋಚಿಸಿ ಒಳ್ಳೆಯ ಅಧ್ಯಕ್ಷರನ್ನು ಆರಿಸಲಿ ಅಂತ. ಪಕ್ಷಗಳು ಹುಟ್ಟಿದ ಕೂಡಲೇ ಅದೆಲ್ಲ ಗಾಳಿಗೆ ಹೋಯಿತು. 1796ರಲ್ಲೇ ಪೆನ್ಸಿಲ್ವೇನಿಯಾದ ಸ್ಯಾಮ್ಯುಯೆಲ್ ಮೈಲ್ಸ್ ಎಂಬ ಎಲೆಕ್ಟರ್ ಅಭ್ಯರ್ಥಿ ಜಾನ್ ಆಡಮ್ಸ್ ಕಡೆಯವರಾಗಿ ಆರಿಸಿ ಬಂದು ಎದುರಾಳಿ ಜೆಫರ್ಸನ್‌ಗೆ ಮತ ಹಾಕಿದರು. ಜನ ಸಿಟ್ಟಿಗೆದ್ದರು. ಯೋಚಿಸೋಕೆ ಅಲ್ಲ, ಹೇಳಿದ್ದನ್ನು ಮಾಡೋಕೆ ನಿನ್ನನ್ನು ಆರಿಸಿದ್ದು ಅನ್ನುವುದು ಅವರ ಸಿಟ್ಟು.

1800ರಲ್ಲಿ ಉಲ್ಟಾ ತಾಪತ್ರಯ. ಎಲೆಕ್ಟರ್‌ಗಳು ಹೇಳಿದ ಮಾತನ್ನು ಅತಿಯಾಗಿ ಕೇಳಿದರು. ಆಗ ಪ್ರತಿಯೊಬ್ಬರಿಗೂ ಎರಡು ಮತ. ಅಧ್ಯಕ್ಷರಿಗೆ ಯಾವುದು, ಉಪಾಧ್ಯಕ್ಷರಿಗೆ ಯಾವುದು ಅನ್ನುವ ಗುರುತು ಇರಲಿಲ್ಲ. ಒಂದೇ ಪಕ್ಷದ ಜೆಫರ್ಸನ್‌ಗೂ ಬರ್‌ಗೂ ಸಮ ಸಮ 73 ಬಂತು. ತೀರ್ಮಾನ ಕೆಳಮನೆಗೆ ಹೋಗಿ, ಅಲ್ಲಿ 36 ಸುತ್ತು ಮತ ಹಾಕಿದ ಮೇಲೆ ಜೆಫರ್ಸನ್ ಗೆದ್ದರು. 1804ರ 12ನೇ ತಿದ್ದುಪಡಿ ಎರಡು ಮತವನ್ನೂ ಬೇರೆ ಬೇರೆ ಮಾಡಿತು. ಅಲ್ಲಿಗೆ ಎಲೆಕ್ಟರ್ ಪಕ್ಷದ ಆಳು ಅನ್ನುವುದು ಎಲ್ಲರೂ ಒಪ್ಪಿಕೊಂಡ ವಿಷಯವಾಯಿತು. ಕಾನೂನು ಮಾತ್ರ ಇರಲಿಲ್ಲ.

ಕಾನೂನು ಬರೆಯಲು ಶುರು ಮಾಡಿದ್ದು ರಾಜ್ಯಗಳು. ಕೆಲವು ರಾಜ್ಯಗಳು ಪ್ರಮಾಣ ಮಾಡಿಸಿಕೊಂಡವು. 1952ರಲ್ಲಿ ಅಲಬಾಮಾದ ಮೊಕದ್ದಮೆಯೊಂದರಲ್ಲಿ, ಪಕ್ಷ ತನ್ನ ಎಲೆಕ್ಟರ್ ಅಭ್ಯರ್ಥಿಯಿಂದ ಮೊದಲೇ ಪ್ರಮಾಣ ಕೇಳುವುದು ತಪ್ಪಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಪ್ರಮಾಣ ಮುರಿದರೆ ಏನು? ಅದನ್ನು ಹೇಳಲಿಲ್ಲ. ಆ ಪ್ರಶ್ನೆ 64 ವರ್ಷ ಹಾಗೇ ಬಿದ್ದಿತ್ತು.

ಮತ್ತೆ ಎದ್ದದ್ದು 2016ರಲ್ಲಿ. ಪಶ್ಚಿಮದ ವಾಷಿಂಗ್ಟನ್ ರಾಜ್ಯವನ್ನು (ಇದು ರಾಜಧಾನಿಯಲ್ಲ, ಸಿಯಾಟಲ್ ಇರುವ ರಾಜ್ಯ) ಹಿಲರಿ ಕ್ಲಿಂಟನ್ ಗೆದ್ದರು. ಅಲ್ಲಿನ 12 ಎಲೆಕ್ಟರ್‌ಗಳಲ್ಲಿ ಎಂಟು ಜನ ಮಾತು ಉಳಿಸಿಕೊಂಡರು. ಮೂವರು ರಿಪಬ್ಲಿಕನ್ ಪಕ್ಷದ ಮಾಜಿ ವಿದೇಶಾಂಗ ಸಚಿವ ಕಾಲಿನ್ ಪೊವೆಲ್‌ಗೆ ಹಾಕಿದರು. ಇನ್ನೊಬ್ಬರು ಫೇಯ್ತ್ ಸ್ಪಾಟೆಡ್ ಈಗಲ್ ಎಂಬ ಮೂಲನಿವಾಸಿ ಹೋರಾಟಗಾರ್ತಿಗೆ ಹಾಕಿದರು. ಕ್ಲಿಂಟನ್ ಸೋತಾಗಿದೆ ಅಂತ ಅವರಿಗೆ ಗೊತ್ತಿತ್ತು. ಟ್ರಂಪ್ ಕಡೆಯ ಒಂದಷ್ಟು ಎಲೆಕ್ಟರ್‌ಗಳೂ ಬೇರೆ ರಿಪಬ್ಲಿಕನ್‌ಗೆ ವಾಲಿದರೆ ಯಾರಿಗೂ 270 ಬರುವುದಿಲ್ಲ, ತೀರ್ಮಾನ ಕೆಳಮನೆಗೆ ಹೋಗುತ್ತದೆ ಅನ್ನುವುದು ಲೆಕ್ಕ. ಟೆಕ್ಸಾಸ್‌ನಲ್ಲಿ ಇಬ್ಬರು ರಿಪಬ್ಲಿಕನ್ನರು ತಪ್ಪಿಸಿಕೊಂಡರು, ಅಷ್ಟೇ. ಯೋಜನೆ ಮಕಾಡೆ ಮಲಗಿತು. ವಾಷಿಂಗ್ಟನ್ ರಾಜ್ಯ ತನ್ನ ನಾಲ್ವರಿಗೂ ತಲಾ 1,000 ಡಾಲರ್ ದಂಡ ಹಾಕಿತು.

ಅದೇ ದಿನ ಕೊಲೊರಾಡೊದಲ್ಲಿ ಒಬ್ಬ ಎಲೆಕ್ಟರ್ ಕ್ಲಿಂಟನ್ ಬದಲು ರಿಪಬ್ಲಿಕನ್ ನಾಯಕ ಜಾನ್ ಕೇಸಿಕ್ ಹೆಸರು ಬರೆದರು. ಅಧಿಕಾರಿಗಳು ದಂಡ ಗಿಂಡ ಅಂತ ಕೂರಲಿಲ್ಲ. ಅವರನ್ನು ಅಲ್ಲೇ ತೆಗೆದು, ಬದಲಿಯವರನ್ನು ಕೂರಿಸಿ, ಮತ ಹಾಕಿಸಿದರು. ಮಿನ್ನೆಸೋಟಾದಲ್ಲೂ ಹಾಗೇ ಮಾಡಿದರು.

ವಾಷಿಂಗ್ಟನ್‌ನ ಮೂವರದ್ದು ಮತ್ತು ಕೊಲೊರಾಡೊದವರದ್ದು, ಎರಡೂ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 2020ರ ಜುಲೈ 6ರಂದು ತೀರ್ಪು. ಒಂಬತ್ತೂ ನ್ಯಾಯಮೂರ್ತಿಗಳು ರಾಜ್ಯದ ಕಡೆ. ಮುಖ್ಯ ತೀರ್ಪು ಬರೆದವರು ಎಲೆನಾ ಕೇಗನ್. ಸಾರ ಇಷ್ಟು: ನೇಮಿಸುವ ಅಧಿಕಾರ ರಾಜ್ಯಕ್ಕಿದೆ. ನೇಮಿಸುವಾಗ ಷರತ್ತು ಹಾಕಬಹುದು. ಷರತ್ತು ಹಾಕಬಹುದಾದರೆ ಜಾರಿಗೂ ತರಬಹುದು. ಎಲೆಕ್ಟರ್‌ಗಳಿಗೆ ಸ್ವಾತಂತ್ರ್ಯ ಇದೆ ಅಂತ ಸಂವಿಧಾನ ಎಲ್ಲೂ ಮಾತು ಕೊಟ್ಟಿಲ್ಲ, 200 ವರ್ಷದ ರೂಢಿಯೂ ಹಾಗೆ ಹೇಳುವುದಿಲ್ಲ. ನ್ಯಾಯಮೂರ್ತಿ ಥಾಮಸ್ ಫಲಿತಾಂಶಕ್ಕೆ ಒಪ್ಪಿದರು, ಆದರೆ ದಾರಿ ಬೇರೆ ಹಿಡಿದರು. ಸಂವಿಧಾನ ಮೌನವಾಗಿರುವ ಕಡೆ ಅಧಿಕಾರ ರಾಜ್ಯದ್ದು ಅನ್ನುವುದು ಅವರ ವಾದ. ನಿಮ್ಮ ರೂಮ್‌ಮೇಟ್‌ಗೆ ಇದನ್ನು ತೋರಿಸಿ. 'ಎಲ್ಲೂ ಬರೆದಿಲ್ಲ' ಅನ್ನುವ ಅವನ ಅಸ್ತ್ರ ಅವನ ಕಡೆಗೇ ತಿರುಗುತ್ತದೆ.

ಆ ತೀರ್ಪಿನ ಹೊತ್ತಿಗೆ 32 ರಾಜ್ಯಗಳು ಮತ್ತು ಡಿ.ಸಿ. ಪ್ರಮಾಣದ ಕಾನೂನು ಮಾಡಿಕೊಂಡಿದ್ದವು. ಅವುಗಳಲ್ಲಿ ಮುರಿದರೆ ಏನಾದರೂ ಕ್ರಮ ಇದ್ದದ್ದು 15 ರಾಜ್ಯಗಳಲ್ಲಿ. ಕ್ರಮದಲ್ಲೂ ಎಷ್ಟು ವೆರೈಟಿ ನೋಡಿ. ಉತ್ತರ ಕ್ಯಾರೊಲಿನಾದಲ್ಲಿ ಮತ ರದ್ದು, ಹುದ್ದೆ ಹೋಯಿತು, ಮೇಲೆ 500 ಡಾಲರ್ ದಂಡ. ನ್ಯೂ ಮೆಕ್ಸಿಕೊದಲ್ಲಿ ಅದು ಕ್ರಿಮಿನಲ್ ಅಪರಾಧ. ವಾಷಿಂಗ್ಟನ್ ರಾಜ್ಯ 2019ರಲ್ಲಿ ಕಾನೂನು ಬದಲಿಸಿತು. ದಂಡದ ಬದಲು, ಮಾತು ತಪ್ಪಿದ ಕ್ಷಣವೇ ಹುದ್ದೆ ಖಾಲಿ ಅನ್ನುವ ಪದ್ಧತಿಗೆ ಬಂತು.

ನನ್ನನ್ನು ಕೇಳಿದರೆ ಇದೇ ಸರಿ. ದಂಡ ಕಟ್ಟಿಸಿಕೊಂಡರೂ ತಪ್ಪು ಮತ ಲೆಕ್ಕಕ್ಕೆ ಸೇರಿಬಿಡುತ್ತದೆ. 2016ರಲ್ಲಿ ಆದದ್ದೂ ಅದೇ, ಪೊವೆಲ್‌ಗೆ ಬಂದ 3 ಮತ ಇಂದಿಗೂ ದಾಖಲೆಯಲ್ಲಿದೆ. ಆದರೆ ಮಾತು ತಪ್ಪಿದ ಕೂಡಲೇ ಬದಲಿ ಮನುಷ್ಯ ಬರುವುದಾದರೆ ಅಲ್ಲಿ ಮನುಷ್ಯ ಯಾಕೆ ಬೇಕು? ಲಕ್ಷಾಂತರ ಜನ ಹೇಳಿದ್ದನ್ನು ಕಾಗದಕ್ಕೆ ಇಳಿಸೋಕೆ ಒಬ್ಬ ಗುಮಾಸ್ತ ಸಾಲದಾ? ಈ ಮಾತನ್ನು ಅಲ್ಲಿನವರೂ ಎಷ್ಟೋ ಸಲ ಆಡಿದ್ದಾರೆ. ಆದರೆ ಮನುಷ್ಯನನ್ನು ತೆಗೆಯಲು ಸಂವಿಧಾನ ತಿದ್ದಬೇಕು, ಅದಕ್ಕೆ ನಾಲ್ಕರಲ್ಲಿ ಮೂರು ಪಾಲು ರಾಜ್ಯಗಳು ಒಪ್ಪಬೇಕು. ಕೈ ಕಟ್ಟುವುದಕ್ಕೆ ಒಂದು ರಾಜ್ಯದ ಕಾನೂನು ಸಾಕು.

ಮನುಷ್ಯ ಇದ್ದರೆ ಮನುಷ್ಯರ ತಪ್ಪೂ ಇರುತ್ತದೆ. 2004ರಲ್ಲಿ ಮಿನ್ನೆಸೋಟಾದ ಒಬ್ಬ ಎಲೆಕ್ಟರ್ ಅಧ್ಯಕ್ಷ ಸ್ಥಾನಕ್ಕೆ ಜಾನ್ ಕೆರಿ ಬದಲು ಉಪಾಧ್ಯಕ್ಷ ಅಭ್ಯರ್ಥಿ ಜಾನ್ ಎಡ್ವರ್ಡ್ಸ್ ಹೆಸರು ಬರೆದರು. ಅದರಲ್ಲೂ ಸ್ಪೆಲಿಂಗ್ ತಪ್ಪು! ಮತ ಗುಪ್ತವಾಗಿತ್ತು. ಬರೆದದ್ದು ಯಾರು ಅಂತ ಹತ್ತು ಜನರಲ್ಲಿ ಒಬ್ಬರೂ ಬಾಯಿಬಿಡಲಿಲ್ಲ. ಆಮೇಲೆ ಆ ರಾಜ್ಯ ಕಾನೂನು ಬಿಗಿ ಮಾಡಿತು.

ಪ್ರ: ಇವರಿಗೆ ಸಂಬಳ ಎಷ್ಟು? (ಘಾಟ್ಕೋಪರ್)

ಉ: ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ 10 ಡಾಲರ್. ಜೊತೆಗೆ ಪ್ರಯಾಣಕ್ಕೆ ಮೈಲಿಗೆ 5 ಸೆಂಟ್. ಹೋಗಿ ಬರುವ ಪೆಟ್ರೋಲೂ ಹುಟ್ಟುವುದಿಲ್ಲ.

ಪ್ರ: ರಾಷ್ಟ್ರಪತಿ ಚುನಾವಣೆಯಲ್ಲಿ ನಮ್ಮ ಗೋವಾ ಶಾಸಕರ ಮತದ ಬೆಲೆ 20, ಮಹಾರಾಷ್ಟ್ರದವರದ್ದು 175 ಅಂತ ಓದಿದೆ. ಸಣ್ಣ ರಾಜ್ಯಕ್ಕೆ ಅನ್ಯಾಯ ಅಲ್ವಾ? ಅಮೆರಿಕದಲ್ಲೂ ಹೀಗೇನಾ? (ಮಡಗಾಂವ್)

ಉ: ಅನ್ಯಾಯ ಅಲ್ಲ, ಭಾಗಾಕಾರ. 1971ರ ಜನಗಣತಿಯ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಮತ್ತೆ 1,000ದಿಂದ ಭಾಗಿಸುತ್ತಾರೆ. ಆಗ ಗೋವಾದಲ್ಲಿ ಸುಮಾರು 8 ಲಕ್ಷ ಜನ, ಶಾಸಕರು 40, ತಲಾ 20 ಬಂತು. ಮಹಾರಾಷ್ಟ್ರದಲ್ಲಿ 5 ಕೋಟಿ ಜನ, ಶಾಸಕರು 288, ಹಾಗಾಗಿ 175. ನಮ್ಮ ಕರ್ನಾಟಕದ್ದು 131. ಜನ ಎಷ್ಟೋ ಬೆಲೆ ಅಷ್ಟು.

ಅಮೆರಿಕದಲ್ಲಿ ಸಣ್ಣ ರಾಜ್ಯಕ್ಕೇ ಲಾಭ. ರಾಜ್ಯ ಎಷ್ಟೇ ಚಿಕ್ಕದಿರಲಿ, ಸೆನೆಟ್ ಲೆಕ್ಕದ 2 ಎಲೆಕ್ಟರ್ ಖಾತ್ರಿ. 2020ರ ಗಣತಿಯಂತೆ ವಯೋಮಿಂಗ್‌ನಲ್ಲಿ ಸುಮಾರು 5.77 ಲಕ್ಷ ಜನ, 3 ಎಲೆಕ್ಟರ್. ಕ್ಯಾಲಿಫೋರ್ನಿಯಾದಲ್ಲಿ ಸುಮಾರು 3.95 ಕೋಟಿ, 54 ಎಲೆಕ್ಟರ್. ಅಂದರೆ ವಯೋಮಿಂಗ್‌ನಲ್ಲಿ 1.92 ಲಕ್ಷ ಜನರಿಗೆ ಒಬ್ಬ, ಕ್ಯಾಲಿಫೋರ್ನಿಯಾದಲ್ಲಿ 7.3 ಲಕ್ಷಕ್ಕೆ ಒಬ್ಬ. ಗೋವಾ ಅಲ್ಲಿದ್ದಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ.

ಇನ್ನೂ ಎರಡು ವ್ಯತ್ಯಾಸ ಹೇಳಿಬಿಡುತ್ತೇನೆ. ನಮ್ಮಲ್ಲಿ ಆರಿಸಿ ಬಂದ ಸಂಸದರು, ಶಾಸಕರು ಮಾತ್ರ ರಾಷ್ಟ್ರಪತಿಗೆ ಮತ ಹಾಕಬೇಕು. ಅಲ್ಲಿ ಸಂಸದರು ಹಾಕಲೇಬಾರದು. ಇನ್ನೊಂದು, ಅಲ್ಲಿ ಕೈ ಕಟ್ಟಿದ್ದಾರೆ, ನಮ್ಮಲ್ಲಿ ಕೈ ಬಿಟ್ಟಿದ್ದಾರೆ. ರಾಷ್ಟ್ರಪತಿ ಚುನಾವಣೆ ಗುಪ್ತ ಮತದಾನ. ಪಕ್ಷ ವಿಪ್ ಕೊಡುವಂತಿಲ್ಲ, ಪಕ್ಷಾಂತರ ಕಾಯ್ದೆಯೂ ತಾಗುವುದಿಲ್ಲ. ಅದೇ ಶಾಸಕ ರಾಜ್ಯಸಭೆಗೆ ಮತ ಹಾಕುವಾಗ 2003ರ ತಿದ್ದುಪಡಿಯಂತೆ ಮತಪತ್ರವನ್ನು ತನ್ನ ಪಕ್ಷದ ಏಜೆಂಟ್‌ಗೆ ತೋರಿಸಿಯೇ ಹಾಕಬೇಕು!

ಈ ಬಿಟ್ಟ ಕೈ ಏನು ಮಾಡಬಹುದು ಅಂತ ನಮ್ಮ ಕಡೆಯ ಹಿರಿಯರಿಗೆ ಚೆನ್ನಾಗಿ ನೆನಪಿರುತ್ತದೆ. 1969ರ ಜುಲೈ, ಬೆಂಗಳೂರಿನಲ್ಲಿ ಕಾಂಗ್ರೆಸ್ ಅಧಿವೇಶನ. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ರಾಷ್ಟ್ರಪತಿ ಹುದ್ದೆಗೆ ಪಕ್ಷ ನೀಲಂ ಸಂಜೀವ ರೆಡ್ಡಿಯವರನ್ನು ನಿಲ್ಲಿಸಿತು. ಪ್ರಧಾನಿ ಇಂದಿರಾ ಗಾಂಧಿ ಆತ್ಮಸಾಕ್ಷಿಯ ಮತ ಹಾಕಿ ಅಂದರು. ಸ್ವತಂತ್ರರಾಗಿ ನಿಂತಿದ್ದ ವಿ.ವಿ. ಗಿರಿ ಎರಡನೇ ಪ್ರಾಶಸ್ತ್ಯದ ಮತಗಳ ಎಣಿಕೆಯಲ್ಲಿ ಗೆದ್ದರು. ಆ ವರ್ಷ ಮುಗಿಯುವುದರೊಳಗೆ ಪಕ್ಷ ಎರಡು ಹೋಳಾಯಿತು.

ಪ್ರ: ರಾಜ್ಯವೇ ಎಲ್ಲ ತೀರ್ಮಾನ ಮಾಡುವುದಾದರೆ, ಜನ ಒಬ್ಬರಿಗೆ ಹಾಕಿದ ಮೇಲೆ ಶಾಸನಸಭೆ 'ನಮಗಿವನು ಬೇಡ' ಅಂತ ಬೇರೆ ಎಲೆಕ್ಟರ್‌ಗಳನ್ನು ಕಳಿಸಬಹುದಲ್ಲ? (ನಿವೃತ್ತ ಬ್ಯಾಂಕ್ ಅಧಿಕಾರಿ, ಠಾಣೆ)

ಉ: ಈ ಸಲದ ಪತ್ರಗಳಲ್ಲಿ ಒಳ್ಳೆಯ ಪ್ರಶ್ನೆ ಇದು. ಬ್ಯಾಂಕಿನವರಿಗೆ ಲೂಪ್‌ಹೋಲ್ ಬೇಗ ಕಾಣಿಸುತ್ತದೆ.

ಚುನಾವಣೆಗೆ ಮೊದಲಾದರೆ, ಶಾಸನಸಭೆಗೆ ಅಧಿಕಾರ ಪೂರ್ತಿ ಇದೆ. ಹಿಂದೆ ಬಳಸಿದ್ದೂ ಇದೆ. ದಕ್ಷಿಣ ಕ್ಯಾರೊಲಿನಾದಲ್ಲಿ 1860ರವರೆಗೂ ಜನ ಅಧ್ಯಕ್ಷರಿಗೆ ಮತವೇ ಹಾಕುತ್ತಿರಲಿಲ್ಲ, ಶಾಸಕರೇ ಎಲೆಕ್ಟರ್‌ಗಳನ್ನು ಆರಿಸುತ್ತಿದ್ದರು. ಮೊಟ್ಟಮೊದಲ ಚುನಾವಣೆಯಲ್ಲಿ ನ್ಯೂಯಾರ್ಕ್ ಶಾಸನಸಭೆಯ ಎರಡು ಮನೆಗಳು ಹೇಗೆ ಆರಿಸಬೇಕು ಅಂತ ಜಗಳವಾಡಿ, ಕೊನೆಗೆ ಯಾರನ್ನೂ ಕಳಿಸಲಿಲ್ಲ. ನ್ಯೂಯಾರ್ಕ್‌ನ ಮತ ಇಲ್ಲದೆಯೇ ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷರಾದರು, ಆಮೇಲೆ ಅದೇ ಊರಿನಲ್ಲಿ ಪ್ರಮಾಣವಚನ ತೆಗೆದುಕೊಂಡರು! ಕೊಲೊರಾಡೊ ರಾಜ್ಯವಾದದ್ದು 1876ರ ಆಗಸ್ಟ್‌ನಲ್ಲಿ. ನವೆಂಬರಿಗೆ ಚುನಾವಣೆ ಏರ್ಪಾಡು ಮಾಡಲು ಸಮಯ ಸಾಲದೆ ಶಾಸಕರೇ 3 ಎಲೆಕ್ಟರ್‌ಗಳನ್ನು ಆರಿಸಿದರು. ಹೇಯ್ಸ್ ಒಂದೇ ಮತದಿಂದ ಗೆದ್ದರು ಅಂದೆನಲ್ಲ, ಈ ಮೂರು ಅದರಲ್ಲಿದ್ದವು.

ನಿಯಮ ಬರೆಯುವ ಅಧಿಕಾರ ಕೈಯಲ್ಲಿದ್ದರೆ ರಾಜಕಾರಣಿ ಸುಮ್ನೆ ಇರುತ್ತಾನಾ? 1800ರಲ್ಲಿ ಜೆಫರ್ಸನ್‌ಗೆ ಒಂದು ಮತವೂ ಸೋರಬಾರದು ಅಂತ ಅವರ ಕಡೆಯವರು ವರ್ಜೀನಿಯಾದಲ್ಲಿ ಜಿಲ್ಲಾವಾರು ಪದ್ಧತಿ ಬಿಟ್ಟು, ಗೆದ್ದವರಿಗೆ ಎಲ್ಲ ಅನ್ನುವ ನಿಯಮ ತಂದರು. ಅದೇ ವರ್ಷ ಆಡಮ್ಸ್ ಅವರ ಮ್ಯಾಸಚೂಸೆಟ್ಸ್‌ನಲ್ಲಿ ಆಯ್ಕೆಯನ್ನು ಶಾಸಕರು ತಮ್ಮ ಕೈಗೇ ತೆಗೆದುಕೊಂಡರು. ಇಂದು 48 ರಾಜ್ಯಗಳಲ್ಲಿ ಗೆದ್ದವರಿಗೇ ಎಲ್ಲ ಅಂತ ಇರುವುದು ಯಾವ ಮಹಾ ತತ್ವದಿಂದಲೂ ಬಂದದ್ದಲ್ಲ. ಪಕ್ಕದ ರಾಜ್ಯ ಮಾಡಿತು, ನಾವು ಮಾಡದಿದ್ದರೆ ನಷ್ಟ ಅಂತ ಒಂದನ್ನು ನೋಡಿ ಒಂದು ಮಾಡಿಕೊಂಡದ್ದು.

ಈಗ ನಿಮ್ಮ ಅಸಲಿ ಪ್ರಶ್ನೆ. ಜನ ಮತ ಹಾಕಿ ಆದ ಮೇಲೆ? 2000ದಲ್ಲಿ ಫ್ಲಾರಿಡಾದಲ್ಲಿ ಇದು ಬಾಗಿಲವರೆಗೆ ಬಂದಿತ್ತು. ಮರುಎಣಿಕೆ ಕೋರ್ಟಿನಲ್ಲಿ ಸಿಕ್ಕಿಬಿದ್ದಿತ್ತು. ಡಿಸೆಂಬರ್ 12ರಂದು ಅಲ್ಲಿನ ಶಾಸನಸಭೆಯ ಕೆಳಮನೆ ತಾನೇ ಬುಷ್ ಎಲೆಕ್ಟರ್‌ಗಳನ್ನು ನೇಮಿಸುವ ನಿರ್ಣಯ ಪಾಸು ಮಾಡಿತು. ಅದೇ ದಿನ ಸುಪ್ರೀಂ ಕೋರ್ಟ್ ಎಣಿಕೆ ನಿಲ್ಲಿಸಿದ್ದರಿಂದ ಅದು ಬೇಕಾಗಲಿಲ್ಲ. ಬುಷ್ ಆ ರಾಜ್ಯವನ್ನು 537 ಮತಗಳಿಂದ ಗೆದ್ದರು.

2020ರಲ್ಲಿ ಇನ್ನೂ ಮುಂದೆ ಹೋದರು. ಬೈಡನ್ ಗೆದ್ದ ಏಳು ರಾಜ್ಯಗಳಲ್ಲಿ ಸೋತ ಪಕ್ಷದ ಜನ ಬೇರೆಯಾಗಿ ಸೇರಿ, ತಾವೇ ಎಲೆಕ್ಟರ್‌ಗಳು ಅಂತ ಕಾಗದಕ್ಕೆ ಸಹಿ ಹಾಕಿ ಕಳಿಸಿದರು. ಎರಡು ರಾಜ್ಯದವರು ಮಾತ್ರ 'ಕೋರ್ಟು ನಮ್ಮ ಕಡೆ ಹೇಳಿದರೆ' ಅನ್ನುವ ಷರತ್ತು ಸೇರಿಸುವಷ್ಟು ಜಾಣರಾಗಿದ್ದರು. ಯಾವ ಶಾಸನಸಭೆಯೂ ಇವರನ್ನು ನೇಮಿಸಿರಲಿಲ್ಲ, ಯಾವ ರಾಜ್ಯಪಾಲರೂ ಸಹಿ ಹಾಕಿರಲಿಲ್ಲ. ಆಮೇಲೆ 2021ರ ಜನವರಿ 6ರಂದು, ಮತ ಎಣಿಕೆಯ ದಿನ, ಟ್ರಂಪ್ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ.

ಅಲ್ಲಿಯವರೆಗೆ ನಡೆಯುತ್ತಿದ್ದದ್ದು ಎಲೆಕ್ಟರ್‌ಗಳ ಮತ ಎಣಿಕೆಯ 1887ರ ಕಾಯ್ದೆ. ಹೇಯ್ಸ್ ಜಗಳದ ನೆನಪಿನಲ್ಲೇ ಬರೆದದ್ದು, ಓದಿದರೆ ತಲೆ ತಿರುಗುವಂಥದ್ದು. 2022ರ ಕೊನೆಗೆ ಅದನ್ನು ತಿದ್ದಿದರು. ಈಗ ರಾಜ್ಯ ತನ್ನ ಎಲೆಕ್ಟರ್‌ಗಳನ್ನು ಚುನಾವಣೆಯ ದಿನಕ್ಕೆ ಮೊದಲೇ ಇದ್ದ ಕಾನೂನಿನ ಪ್ರಕಾರ ಮಾತ್ರ ನೇಮಿಸಬೇಕು. ಫಲಿತಾಂಶ ನೋಡಿ ನಿಯಮ ಬದಲಿಸುವಂತಿಲ್ಲ. ಚುನಾವಣೆ 'ವಿಫಲ'ವಾದರೆ ಶಾಸನಸಭೆ ತಾನೇ ಆರಿಸಬಹುದು ಅನ್ನುವ ಹಳೆಯ ಕಿಂಡಿಯನ್ನೂ ಮುಚ್ಚಿದರು. ಎಲೆಕ್ಟರ್‌ಗಳು ಸೇರುವ ದಿನಕ್ಕೆ ಆರು ದಿನ ಮೊದಲೇ ರಾಜ್ಯಪಾಲರ ಪ್ರಮಾಣಪತ್ರ ಆಗಿರಬೇಕು, ತಕರಾರಿದ್ದರೆ ಕೋರ್ಟು ಬೇಗ ತೀರ್ಮಾನಿಸಬೇಕು. ಸಂಸತ್ತಿನಲ್ಲಿ ಈ ಮತಗಳನ್ನು ಎಣಿಸುವಾಗ ಮೊದಲು ಒಂದೊಂದು ಮನೆಯಿಂದ ಒಬ್ಬೊಬ್ಬ ಸದಸ್ಯ ಎದ್ದರೆ ಸಾಕಿತ್ತು, ಆಕ್ಷೇಪ ಚರ್ಚೆಗೆ ಬರುತ್ತಿತ್ತು. ಈಗ ಎರಡೂ ಮನೆಗಳಲ್ಲಿ ಐದನೇ ಒಂದು ಭಾಗ ಸದಸ್ಯರು ಸಹಿ ಹಾಕಬೇಕು. ಉಪಾಧ್ಯಕ್ಷರ ಕೆಲಸ ಲಕೋಟೆ ತೆರೆಯುವುದು ಮಾತ್ರ ಅಂತಲೂ ಸ್ಪಷ್ಟವಾಗಿ ಬರೆದರು.

2024ರಲ್ಲಿ ಇದರಂತೆಯೇ ನಡೆಯಿತು. ನವೆಂಬರ್ 5ಕ್ಕೆ ಮತದಾನ, ಡಿಸೆಂಬರ್ 11ರೊಳಗೆ ಪ್ರಮಾಣಪತ್ರ, 17ಕ್ಕೆ ಎಲೆಕ್ಟರ್‌ಗಳ ಮತ, ಜನವರಿ 6ಕ್ಕೆ ಎಣಿಕೆ. ಅಂದಹಾಗೆ ಈ 538 ಜನ ಒಂದೇ ಕಡೆ ಸೇರುವುದೇ ಇಲ್ಲ. ಅವರವರ ರಾಜ್ಯದ ರಾಜಧಾನಿಯಲ್ಲೇ ಕೂತು ಮತ ಹಾಕಿ, ಆರು ಪ್ರತಿಗೆ ಸಹಿ ಮಾಡಿ ಎದ್ದು ಹೋಗುತ್ತಾರೆ.

ಪ್ರ: 48 ರಾಜ್ಯ ಅಂದರೆ ಉಳಿದ ಎರಡು ಯಾವುವು? ಅವು ಏನು ಮಾಡುತ್ತವೆ? (ಬೊರಿವಲಿ)

ಉ: ಅಚ್ಚಾಗುವ ಮೊದಲೇ ನನ್ನ ಉತ್ತರ ಓದಿದ ಹಾಗಿದೆ ನೀವು! ಮೇನ್ ಮತ್ತು ನೆಬ್ರಾಸ್ಕಾ. ಮೇನ್ 1972ರಿಂದ, ನೆಬ್ರಾಸ್ಕಾ 1992ರಿಂದ ಹಂಚುವ ಪದ್ಧತಿ ಇಟ್ಟುಕೊಂಡಿವೆ. ಲೋಕಸಭೆಯಂಥ ಕೆಳಮನೆಯ ಪ್ರತಿ ಕ್ಷೇತ್ರಕ್ಕೆ ಒಬ್ಬ ಎಲೆಕ್ಟರ್, ಇಡೀ ರಾಜ್ಯ ಗೆದ್ದವರಿಗೆ ಉಳಿದ ಇಬ್ಬರು. ನೆಬ್ರಾಸ್ಕಾ ರಿಪಬ್ಲಿಕನ್ ಕೋಟೆ, ಆದರೆ ಒಮಾಹಾ ನಗರದ ಕ್ಷೇತ್ರ 2008ರಲ್ಲಿ ಒಬಾಮಾಗೆ, 2020ರಲ್ಲಿ ಬೈಡನ್‌ಗೆ, 2024ರಲ್ಲಿ ಕಮಲಾ ಹ್ಯಾರಿಸ್‌ಗೆ ಒಂದೊಂದು ಮತ ಕೊಟ್ಟಿತು. ಮೇನ್‌ನ ಎರಡನೇ ಕ್ಷೇತ್ರ ಟ್ರಂಪ್ ನಿಂತ ಮೂರು ಸಲವೂ ಅವರಿಗೇ ಕೊಟ್ಟಿತು. ಹಿಂದೆ ಮಿಶಿಗನ್ ಕೂಡ 1892ರಲ್ಲಿ ಹೀಗೆ ಮಾಡಿ ನೋಡಿತ್ತು. ಸುಪ್ರೀಂ ಕೋರ್ಟ್ ಸರಿ ಅಂದಿತು. ಆದರೂ ಮುಂದಿನ ಚುನಾವಣೆ ಹೊತ್ತಿಗೆ ಆ ರಾಜ್ಯವೇ ಬಿಟ್ಟುಬಿಟ್ಟಿತು. ಶಾಸನಸಭೆಯಲ್ಲಿ ಬಹುಮತ ಬದಲಾಗಿತ್ತು!

ಪ್ರ: ಗೆದ್ದ ಅಭ್ಯರ್ಥಿ ಎಲೆಕ್ಟರ್‌ಗಳು ಮತ ಹಾಕುವ ಮೊದಲೇ ತೀರಿಕೊಂಡರೆ? ಅಪಶಕುನ ಅನ್ನಬೇಡಿ, ಅಲ್ಲಿ ಇತ್ತೀಚೆಗೆ ನಿಲ್ಲುವವರೆಲ್ಲ ನನ್ನ ವಯಸ್ಸಿನವರು. (ಚೆಂಬೂರಿನ ಹಿರಿಯರು)

ಉ: ಅಪಶಕುನ ಅನ್ನುವುದಿಲ್ಲ, ನನ್ನ ವಯಸ್ಸೂ ಅದೇ. ಗೆದ್ದವರಿಗೆ ಹಾಗೆ ಆದದ್ದಿಲ್ಲ, ಸೋತವರಿಗೆ ಆಗಿದೆ. 1872ರಲ್ಲಿ ಪತ್ರಿಕಾ ಸಂಪಾದಕ ಹೊರೇಸ್ ಗ್ರೀಲಿ ಗ್ರಾಂಟ್ ಎದುರು ಸೋತು, ನವೆಂಬರ್ 29ರಂದು ತೀರಿಕೊಂಡರು. ಅವರಿಗೆ 66 ಎಲೆಕ್ಟರ್‌ಗಳಿದ್ದರು. ಹೆಚ್ಚಿನವರು ಬೇರೆ ಬೇರೆಯವರಿಗೆ ಹಾಕಿದರು. ಜಾರ್ಜಿಯಾದ ಮೂವರು ಮಾತ್ರ ಸತ್ತವರಿಗೇ ಹಾಕಿದರು. ಸಂಸತ್ತು ಆ ಮೂರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಈಗಲೂ ಉತ್ತರ ರಾಜ್ಯದ ಕಾನೂನಿನಲ್ಲೇ ಇದೆ. ಕ್ಯಾಲಿಫೋರ್ನಿಯಾ ತನ್ನ ಎಲೆಕ್ಟರ್‌ಗಳನ್ನು ಕಟ್ಟಿಹಾಕುವುದು ಇಬ್ಬರೂ ಅಭ್ಯರ್ಥಿಗಳು ಬದುಕಿದ್ದರೆ ಮಾತ್ರ, ಹಾಗಂತ ಬರೆದೇ ಇಟ್ಟಿದೆ. ಎಷ್ಟೋ ರಾಜ್ಯಗಳ ಕಾನೂನಿನಲ್ಲಿ ಇದರ ಸುದ್ದಿಯೇ ಇಲ್ಲ. ಆದ್ದರಿಂದಲೇ 2020ರ ತೀರ್ಪಿನಲ್ಲಿ ಕೇಗನ್ ಒಂದು ಅಡಿಟಿಪ್ಪಣಿ ಸೇರಿಸಿದರು. ಸತ್ತ ಅಭ್ಯರ್ಥಿಗೇ ಮತ ಹಾಕಬೇಕು ಅಂತ ರಾಜ್ಯ ಎಲೆಕ್ಟರನ್ನು ಕಟ್ಟಿಹಾಕಲು ಈ ತೀರ್ಪು ಅನುಮತಿ ಕೊಡುತ್ತದೆ ಅಂದುಕೊಳ್ಳಬೇಡಿ ಅಂತ.